ಸುತ್ತು ಹಾಕುವ ಕುರಿ

ಅಥಣಿ, ರಾಯಬಾಗ, ಚಿಕ್ಕೋಡಿ ಸೀಮೆಯ ನಮಗೆ ಕುರಿಮಂದೆ ಹೊಸದಲ್ಲ. ಸುಗ್ಗಿ ಮುಗಿದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿಸುವುದು ಹಿಂದಿನಿಂದ ಬಂದ ಪದ್ಧತಿ. ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದ ಧನಗರರೂ ಬರುತ್ತಾರೆ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಜೊತೆಗೆ ನಾಯಿ. ನಾಯಿ ಇಲ್ಲದ ಕುರಿಗಾರನನ್ನು ನಾನಂತೂ ಕಂಡಿಲ್ಲ.

ಇಂಥ ಮಂದೆಯಲ್ಲಿ ಒಮ್ಮೊಮ್ಮೆ ಒಂದು ಎಳೆಯ ಕುರಿ ವಿಚಿತ್ರವಾಗಿ ವರ್ತಿಸತೊಡಗುತ್ತದೆ. ತಲೆ ಒಂದು ಕಡೆಗೆ ವಾಲಿಸಿ, ಗಾಣದೆತ್ತಿನಂತೆ ಇದ್ದಲ್ಲೇ ಸುತ್ತುತ್ತದೆ. ಗೋಡೆಗೆ ಹಣೆ ಒತ್ತಿ ನಿಲ್ಲುತ್ತದೆ. ಕಣ್ಣು ಮಂಜಾಗುತ್ತದೆ. ಕುರಿಯ ಹುಟ್ಟುಗುಣವೇ ಹಿಂಡಿನೊಡನೆ ನಡೆಯುವುದು. ಇದು ಆ ಗುಣವನ್ನೇ ಮರೆತು ಒಂಟಿಯಾಗಿ ಹಿಂದೆ ಉಳಿಯುತ್ತದೆ. ನೋಡಿದವರು ‘ಗಾಳಿ ಸೋಕಿದೆ’ ಎನ್ನುವುದು ಸಹಜ. ಆದರೆ ಸೋಕಿದ್ದು ಗಾಳಿಯಲ್ಲ, ಒಂದು ಹುಳು.

ಈ ಹುಳುವಿನ ಸಂಸಾರ ಎರಡು ಮನೆಯದು. ಅದು ದೊಡ್ಡದಾಗಿ ಬಾಳುವುದು ನಾಯಿಯ ಕರುಳಿನಲ್ಲಿ. ಪರಕರದ ಲಾಡಿಯಂತೆ ಚಪ್ಪಟೆಯಾಗಿ ಉದ್ದಕ್ಕಿರುವುದರಿಂದ ಅದಕ್ಕೆ ಲಾಡಿಹುಳು ಎಂದು ಹೆಸರು. ಅದರ ತತ್ತಿಗಳು ನಾಯಿಯ ಮಲದೊಡನೆ ಹುಲ್ಲಿಗೆ ಬೀಳುತ್ತವೆ. ಕುರಿ ಆ ಹುಲ್ಲು ಮೇಯುತ್ತದೆ. ತತ್ತಿಯೊಡೆದ ಮರಿ ರಕ್ತದ ದಾರಿ ಹಿಡಿದು ಮಿದುಳು ಸೇರುತ್ತದೆ. ಅಲ್ಲಿ ನೀರು ತುಂಬಿದ ಗುಳ್ಳೆಯಾಗಿ ತಿಂಗಳುಗಟ್ಟಲೆ ಬೆಳೆಯುತ್ತದೆ. ಒಳಗೋಡೆಯ ತುಂಬ ನೂರಾರು ಪುಟ್ಟ ಹುಳುತಲೆಗಳು. ಗುಳ್ಳೆ ಬೆಳೆದಂತೆ ಮಿದುಳು ನಲುಗಿ ಕುರಿ ಸುತ್ತುತ್ತದೆ. ಹಿಂದೆ ಉಳಿದ ಕುರಿ ತೋಳಕ್ಕೋ ನಾಯಿಗೋ ಸುಲಭದ ತುತ್ತು. ಆ ತಲೆ ನಾಯಿಯ ಬಾಯಿಗೆ ಬಿದ್ದರೆ ಹುಳು ತನ್ನ ಮೊದಲ ಮನೆಗೆ ಮರಳಿದಂತೆ. ಅಂದರೆ ಕುರಿಯ ದಿಕ್ಕುಗೇಡಿತನವೇ ಹುಳುವಿಗೆ ಊರ ದಾರಿ.

ಇದು ಮನುಷ್ಯನಿಗೆ ತಿಳಿದ ಬಗೆ ಬಹು ಸ್ವಾರಸ್ಯವಾದುದು. ಸುಮಾರು 2400 ವರ್ಷಗಳ ಹಿಂದೆ ಗ್ರೀಸ್ ದೇಶದಲ್ಲಿ ಮೂರ್ಛೆ ರೋಗವನ್ನು ದೇವರು ಕೊಟ್ಟ ‘ಪವಿತ್ರ ರೋಗ’ ಎನ್ನುತ್ತಿದ್ದರು. ಹಿಪೊಕ್ರಟೀಸನ ಪರಂಪರೆಯ ವೈದ್ಯನೊಬ್ಬ ಅದನ್ನು ಅಲ್ಲಗಳೆದು ಬರೆದ. ಅವನು ತೋರಿಸಿದ ಸಾಕ್ಷಿ ಯಾವುದು ಗೊತ್ತೇ? ಆಡಿನ ತಲೆ. ಇಂಥ ರೋಗ ಬಂದ ಆಡಿನ ತಲೆ ಒಡೆದು ನೋಡಿರಿ, ಮಿದುಳು ನೀರು ತುಂಬಿ ನಾರುತ್ತಿರುತ್ತದೆ, ಕೆಟ್ಟಿರುವುದು ಮಿದುಳು, ಮುನಿದಿರುವುದು ದೇವರಲ್ಲ ಎಂಬುದು ಅವನ ವಾದ. ಅವನು ಕಂಡದ್ದು ಈ ಗುಳ್ಳೆಯನ್ನೇ ಇರಬೇಕೆಂದು ತಿಳಿದವರು ಊಹಿಸುತ್ತಾರೆ.

ಸ್ಕಾಟ್ಲೆಂಡಿನ ಕವಿ ಜೇಮ್ಸ್ ಹಾಗ್ ಕುರಿ ಕಾಯ್ದು ಬೆಳೆದವನು. 1807ರಲ್ಲಿ ಕುರಿಗಾರರಿಗಾಗಿ ಒಂದು ಪುಸ್ತಕವನ್ನೇ ಬರೆದ. ಕುರಿ ಕಾಯುತ್ತ ಕಾಲುಚೀಲ ಹೆಣೆಯುತ್ತಿದ್ದ ಈತ, ಹೆಣಿಗೆಯ ತಂತಿಯನ್ನೇ ಕುರಿಯ ಮೂಗಿನಿಂದ ಮೇಲಕ್ಕೆ ತೂರಿಸಿ ಗುಳ್ಳೆ ಒಡೆಯುತ್ತಿದ್ದನಂತೆ! ನೀರು ಇದೆಯೆಂದು ಅವನಿಗೆ ಗೊತ್ತಿತ್ತು. ಅದು ಹುಳುವಿನ ಮನೆಯೆಂದು ಜರ್ಮನಿಯ ಲೆಸ್ಕೆ ಎಂಬ ವಿದ್ವಾಂಸ 1780ರಲ್ಲೇ ಬರೆದಿದ್ದ. ಆದರೆ ಅದು ಅಲ್ಲಿಗೆ ಬಂದದ್ದು ಹೇಗೆ? ಉತ್ತರ ಕೊಟ್ಟವನು ಸ್ಯಾಕ್ಸನಿಯ ವೈದ್ಯ ಫ್ರೀಡ್ರಿಕ್ ಕ್ಯೂಖೆನ್‌ಮೈಸ್ಟರ್. 1850ರ ದಶಕದ ಆರಂಭದಲ್ಲಿ ಅವನು ಕುರಿಯ ಗುಳ್ಳೆಯನ್ನು ನಾಯಿಗೆ ತಿನ್ನಿಸಿದ. ನಾಯಿಯಲ್ಲಿ ಲಾಡಿಹುಳು ಬೆಳೆಯಿತು. ಆ ಹುಳುವಿನ ತತ್ತಿಯನ್ನು ಕುರಿಗೆ ತಿನ್ನಿಸಿದ; ಕುರಿ ಸುತ್ತತೊಡಗಿತು. ಗುಟ್ಟು ಬಯಲಾಯಿತು.

ಕುರಿಯ ಕಥೆ ನಮಗೇಕೆ ಎನ್ನುವಿರಾ? ಈ ಹುಳುವಿಗೆ ಒಬ್ಬ ದಾಯಾದಿ ಇದ್ದಾನೆ, ಹಂದಿಯ ಲಾಡಿಹುಳು. ಸರಿಯಾಗಿ ಬೇಯದ ಹಂದಿ ಮಾಂಸ ತಿಂದವರ ಕರುಳಿನಲ್ಲಿ ಅದು ಬೆಳೆಯುತ್ತದೆ. ಅವರ ಮಲದಲ್ಲಿ ತತ್ತಿಗಳು ಹೊರಬೀಳುತ್ತವೆ. ಆ ತತ್ತಿ ನೀರಿನಿಂದಲೋ, ತೊಳೆಯದ ಕೈಯಿಂದಲೋ, ಹಸಿ ಸೊಪ್ಪಿನಿಂದಲೋ ನಮ್ಮ ಹೊಟ್ಟೆ ಸೇರಿದರೆ ಮರಿ ನಮ್ಮ ಮಿದುಳಿಗೂ ಹೋಗಿ ಕೂರಬಲ್ಲದು. ಆಗ ಬರುವುದು ಮೂರ್ಛೆ. ಮಾಂಸವನ್ನೇ ಮುಟ್ಟದ ಮನೆಗೂ ಇದು ಬರುವುದು ಹೀಗೆ. ರೊಟ್ಟಿಯ ಜೊತೆ ಹಕ್ಕರಕಿ, ಮೆಂತ್ಯ, ಉಳ್ಳಾಗಡ್ಡಿ ತೊಪ್ಪಲು ಹಸಿಯಾಗಿ ತಿನ್ನುವ ನಮ್ಮ ಸೀಮೆಯವರು ಇದನ್ನು ಮರೆಯಬಾರದು.

1930ರ ದಶಕದಲ್ಲಿ ಬ್ರಿಟಿಷ್ ಸೈನ್ಯದ ವೈದ್ಯ ಮ್ಯಾಕಾರ್ಥರ್ ಮೂರ್ಛೆ ಬೀಳುವ ಸೈನಿಕರನ್ನು ಪರೀಕ್ಷಿಸಿ, ಹಲವರಲ್ಲಿ ಈ ಹುಳುವನ್ನು ಕಂಡ. ಅವರು ಭಾರತದಲ್ಲಿ ಕೆಲಸ ಮಾಡಿ ಮರಳಿದವರು. 1961ರಲ್ಲಿ ಅಲ್ಲಿ ಇಂಥ 450 ರೋಗಿಗಳ ವರದಿಯೇ ಪ್ರಕಟವಾಯಿತು. ನಮ್ಮಲ್ಲಿ ಸ್ಕ್ಯಾನ್ ಯಂತ್ರ ಬಂದ ಮೇಲೆ ಫಿಟ್ಸ್ ಬಂದವರ ಮಿದುಳಿನಲ್ಲಿ ಸಣ್ಣ ಚುಕ್ಕೆ ಕಾಣತೊಡಗಿತು. ಕ್ಷಯದ ಗಂಟೆಂದು ತಿಳಿದು ಎಷ್ಟೋ ಜನರಿಗೆ ಕ್ಷಯದ ಔಷಧಿ ಕೊಡುತ್ತಿದ್ದರು. 1989ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಅಂಥ ಚುಕ್ಕೆಗಳನ್ನು ತೆಗೆದು ಪರೀಕ್ಷಿಸಿ, ಹುಳುವಿನ ಗುರುತನ್ನು ತೋರಿಸಿಕೊಟ್ಟರು.

ಮೂರ್ಛೆಗೆಲ್ಲ ಹುಳುವೇ ಕಾರಣವಲ್ಲ. ಹುಟ್ಟುವಾಗಿನ ತೊಂದರೆ, ತಲೆಯ ಪೆಟ್ಟು, ಬೇರೆ ಕಾಯಿಲೆಗಳೂ ಇರುತ್ತವೆ. ಆದರೆ ಹಂದಿಗಳು ಜನವಸತಿಯಲ್ಲಿ ಅಲೆಯುವ ಎಷ್ಟೋ ಪ್ರದೇಶಗಳಲ್ಲಿ ಸುಮಾರು ನೂರಕ್ಕೆ 30 ಮೂರ್ಛೆ ಪ್ರಕರಣಗಳಿಗೆ ಈ ಹುಳು ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಔಷಧಿಯಿಂದ ಹತೋಟಿಗೆ ಬರುವ ರೋಗವಿದು.

ನನ್ನ ಮೂವತ್ತು ವರ್ಷಗಳ ಶಿಕ್ಷಕಿ ವೃತ್ತಿಯಲ್ಲಿ ತರಗತಿಯಲ್ಲೇ ಬಿದ್ದ ಮಕ್ಕಳನ್ನು ಕಂಡಿದ್ದೇನೆ. ಕೂಡಲೇ ಒಬ್ಬರು ಕೀಲಿಕೈ ಹಿಡಿಸಲು, ಇನ್ನೊಬ್ಬರು ಚಪ್ಪಲಿ ಮೂಸಿಸಲು ಓಡಿ ಬರುತ್ತಾರೆ. ಅದಾವುದೂ ಬೇಡ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿರಿ, ಬಾಯಿಗೆ ಏನನ್ನೂ ಹಾಕಬೇಡಿರಿ, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಿರಿ. ಬಿದ್ದದ್ದು ಹುಡುಗನಾದರೆ ಮನೆಯವರು ಡಾಕ್ಟರರ ವಿಳಾಸ ಕೇಳುತ್ತಾರೆ. ಹುಡುಗಿಯಾದರೆ ಮೊದಲು ಕೇಳುವುದು, “ಯಾರ‍್ಯಾರು ನೋಡಿದರು ಬಾಯಿ?” ಎಂದು. ಅವಳ ಮದುವೆಯ ಚಿಂತೆ ಅದು.

ಆ ಚಿಂತೆಗೆ ಕಾನೂನಿನ ಬೆಂಬಲವೂ ಇತ್ತು. ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಮಾಡಿದ ತಿದ್ದುಪಡಿ, ಮತ್ತೆ ಮತ್ತೆ ಬರುವ ಹುಚ್ಚಿನ ಪಕ್ಕದಲ್ಲೇ ಮೂರ್ಛೆಯನ್ನೂ ಸೇರಿಸಿ, ಅದು ಇದ್ದವರು ಮದುವೆಗೆ ಅರ್ಹರಲ್ಲ ಎಂದಿತ್ತು. ಆ ಮಾತನ್ನು ಕಾಯ್ದೆಯಿಂದ ತೆಗೆದದ್ದು 1999ರಲ್ಲಿ. ಕಾಗದದಿಂದ ಹೋದದ್ದು ಮನೆಯೊಳಗಿನಿಂದ ಇನ್ನೂ ಹೋಗಿಲ್ಲ. ಗುಳಿಗೆ ಡಬ್ಬಿಯನ್ನು ಸೀರೆಯ ಮಡಿಕೆಯಲ್ಲಿ ಬಚ್ಚಿಟ್ಟು ಗಂಡನ ಮನೆಗೆ ಹೋಗುವ ಹುಡುಗಿಯರು ಇಂದಿಗೂ ಇದ್ದಾರೆ. ಕಾಣದಂತೆ ನುಂಗಬೇಕಾದ ಗುಳಿಗೆ ಒಂದು ದಿನ ತಪ್ಪುತ್ತದೆ. ಅಂದೇ ಒಲೆಯ ಮುಂದೆ, ಬಾವಿಯ ಬಳಿ ಅಪಘಾತವಾಗುತ್ತದೆ.

ಮಾಡಬೇಕಾದದ್ದು ಕಷ್ಟದ್ದಲ್ಲ. ಸತ್ತ ಕುರಿಯ ತಲೆಯನ್ನು ನಾಯಿಗೆ ಎಸೆಯದೆ ಹೂಳಬೇಕು. ಮಂದೆಯ ನಾಯಿಗೆ ಪಶುವೈದ್ಯರನ್ನು ಕೇಳಿ ಹುಳುವಿನ ಔಷಧಿ ಕೊಡಿಸಬೇಕು. ಮನೆಯಲ್ಲಿ ಶೌಚಾಲಯ ಬಳಸಬೇಕು, ಕೈಯನ್ನು ಸಾಬೂನಿನಿಂದ ತೊಳೆಯಬೇಕು, ಹಸಿ ತೊಪ್ಪಲನ್ನು ಎರಡು ಮೂರು ನೀರಿನಲ್ಲಿ ಬಿಡಿಸಿ ತೊಳೆಯಬೇಕು. ಸುತ್ತುವ ಕುರಿಯನ್ನು ಕಂಡ ಕುರಿಗಾರ, ಅದು ಯಾವ ಜನ್ಮದ ಪಾಪ ಮಾಡಿತ್ತೆಂದು ಕೇಳುವುದಿಲ್ಲ. ನಮ್ಮ ಹೆಣ್ಣುಮಕ್ಕಳಿಗೂ ಅಷ್ಟು ನ್ಯಾಯ ಸಿಕ್ಕರೆ ಸಾಕು.