ಸಂಬಂಧಜಾಲದ ಲೇಖನಕ್ರಮಗಳು

ಒಂದು ಗ್ರಂಥದ ಎರಡು ಓಲೆಪ್ರತಿಗಳು ದೊರೆತಾಗ ಸಂಪಾದಕನು ಮೊದಲು ನೋಡತಕ್ಕುದು ಪಾಠಭೇದಗಳನ್ನು. ಪಂಕ್ತಿಗಳು ಸ್ಥಳ ಬದಲಾಯಿಸಿದ್ದರೆ ಪ್ರತಿ ಕೆಟ್ಟಿದೆಯೆಂದೇ ಅವನು ಶಂಕಿಸುವನು. ಆದರೆ ಗ್ರಂಥಾಲಯಗಳ ಸೂಚೀವಿವರಗಳನ್ನು ಗಣಕಯಂತ್ರಗಳಿಗಾಗಿ ಬರೆಯುವ ಒಂದು ಪದ್ಧತಿಯಲ್ಲಿ, ಪ್ರತಿಯೊಂದು ಪಂಕ್ತಿಯೂ ಭಿನ್ನವಾಗಿರುವ ಎರಡು ಪ್ರತಿಗಳು ಅರ್ಥದಲ್ಲಿ ಸರ್ವಥಾ ಒಂದೇ ಆಗಿರಬಹುದು. ಇದು ಹೇಗೆ ಒದಗಿತೆಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

ಆರ್‌ಡಿಎಫ್ ಎಂಬ ಆ ಪದ್ಧತಿಯಲ್ಲಿ ಒಂದೊಂದು ಹೇಳಿಕೆಗೂ ಮೂರು ಅಂಗಗಳುಂಟು. ಆದಿಪುರಾಣ, ಕರ್ತೃ, ಪಂಪ ಎಂಬುದು ಒಂದು ತ್ರಿಕ. ಇಂಥ ತ್ರಿಕಗಳು ಒಂದಕ್ಕೊಂದು ಹೆಣೆದುಕೊಂಡು ಗ್ರಾಫ್ ಎಂಬ ಜಾಲವಾಗುವುವು. ಜಾಲಕ್ಕೆ ಆದಿಯಿಲ್ಲ, ಅಂತ್ಯವಿಲ್ಲ. ಬರೆಹಕ್ಕಾದರೋ ಮೊದಲನೆಯ ಪಂಕ್ತಿಯೊಂದು ಇರಲೇಬೇಕು. ಪದ್ಯದ ಪದಗಳನ್ನು ಬೇರೆ ಕ್ರಮದಲ್ಲಿಟ್ಟು ಅನ್ವಯ ಮಾಡಿದರೂ ವಿಭಕ್ತಿಗಳ ಬಲದಿಂದ ಅರ್ಥ ನಿಲ್ಲುವಂತೆ, ಇಲ್ಲಿಯೂ ತ್ರಿಕಗಳನ್ನು ಹೇಗೆ ಜೋಡಿಸಿದರೂ ಜಾಲ ಕೆಡುವುದಿಲ್ಲ.

೧೯೯೯ರ ಫೆಬ್ರವರಿಯಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಪ್ರಕಟಿಸಿದ ಮೊದಲ ವಿಧಿಗ್ರಂಥಕ್ಕೆ ಓರಾ ಲಸ್ಸಿಲಾ, ರಾಲ್ಫ್ ಸ್ವಿಕ್ ಇವರು ಸಂಪಾದಕರು. ಜಾಲದ ತತ್ತ್ವವನ್ನೂ ಅದನ್ನು ಎಕ್ಸ್‌ಎಂಎಲ್‌ನಲ್ಲಿ ಬರೆಯುವ ರೀತಿಯನ್ನೂ ಒಂದೇ ಗ್ರಂಥದಲ್ಲಿ ವಿಧಿಸಿದ್ದು ಅನರ್ಥಕ್ಕೆ ಕಾರಣವಾಯಿತೆಂದು ನಮ್ಮ ಅಭಿಪ್ರಾಯ. ಉಡುಪನ್ನೇ ದೇಹವೆಂದು ಭಾವಿಸಲು ಅದು ಎಡೆಗೊಟ್ಟಿತು. ಆ ಉಡುಪಾದರೂ ಬಿಗಿಯಾದುದು. ಸಂಬಂಧದ ಹೆಸರು ಎಕ್ಸ್‌ಎಂಎಲ್‌ನ ನಾಮನಿಯಮಕ್ಕೆ ಒಳಪಡಬೇಕಾದುದರಿಂದ, ಜಾಲದಲ್ಲಿ ಸಾಧುವಾದ ಕೆಲವು ಹೆಸರುಗಳನ್ನು ಅದರಲ್ಲಿ ಬರೆಯಲು ಬರುವುದೇ ಇಲ್ಲ. ಮನುಷ್ಯರು ಓದಬಹುದಾದ ರೀತಿಯೊಂದನ್ನು ಟಿಂ ಬರ್ನರ್ಸ್-ಲೀ ರೂಪಿಸಿದರು. ಅದನ್ನು ಸಂಕ್ಷೇಪಿಸಿ ಡೇವ್ ಬೆಕೆಟ್ ರಚಿಸಿದ ಟರ್ಟಲ್‌ಗೆ ೨೦೧೪ರಲ್ಲಿ ಅಧಿಕೃತ ಮನ್ನಣೆ ದೊರೆಯಿತು.

ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದುದು ಎನ್-ಟ್ರಿಪಲ್ಸ್ ಎಂಬ ರೀತಿಯನ್ನು. ಪಂಕ್ತಿಗೊಂದೇ ತ್ರಿಕ, ಕೊನೆಗೊಂದು ಬಿಂದು, ಇದಕ್ಕಿಂತ ಸರಳವಾದುದಿಲ್ಲ. ಆದರೆ ೨೦೦೪ರ ವಿಧಿಯಂತೆ ಅದರಲ್ಲಿ ಆಂಗ್ಲ ಕೀಲಿಮಣೆಯ ಚಿಹ್ನೆಗಳಿಗೆ ಮಾತ್ರ ಪ್ರವೇಶವಿದ್ದಿತು. ಮಿಕ್ಕ ಲಿಪಿಗಳ ಒಂದೊಂದು ಸಂಕೇತವನ್ನೂ ಓರೆಗೀಟು, ಒಂದು ಆಂಗ್ಲಾಕ್ಷರ, ನಾಲ್ಕು ಸ್ಥಾನಗಳ ಸಂಖ್ಯೆ ಹೀಗೆ ಬಿಡಿಸಿ ಬರೆಯಬೇಕಾಗಿದ್ದಿತು. 'ಪಂಪ' ಎಂಬಲ್ಲಿ ಅನುಸ್ವಾರವೂ ಸೇರಿ ಮೂರು ಸಂಕೇತಗಳು. ಅವು ೧೮ ಚಿಹ್ನೆಗಳಾಗುತ್ತಿದ್ದುವು. ಯಂತ್ರಕ್ಕೆ ನಷ್ಟವೇನೂ ಇಲ್ಲ. ಆದರೆ ಸೂಚಿಯನ್ನು ತಿದ್ದಲು ಕುಳಿತ ಪಂಡಿತನಿಗೆ ಆದಿಕವಿಯ ಗುರುತು ಸಿಕ್ಕುತ್ತಿರಲಿಲ್ಲ. ೨೦೧೪ರ ವಿಧಿ ಈ ನಿರ್ಬಂಧವನ್ನು ತೆಗೆದುಹಾಕಿ ಯುನಿಕೋಡಿನ ಅಕ್ಷರಗಳನ್ನು ಇದ್ದಂತೆಯೇ ಬರೆಯಲು ಎಡೆಮಾಡಿತು.

ಈ ಲೇಖನಕಾರ್ಯವನ್ನು ಕೈಯಿಂದ ಮಾಡುವವರು ವಿರಳ. ಪ್ರೋಗ್ರಾಮ್ ಬರೆಯುವವರು 'ಲೈಬ್ರರಿ' ಎನ್ನುವ ಸಿದ್ಧ ಆದೇಶಗಳ ಸಂಚಯವೇ ಲಿಪಿಕಾರನು. ಡೇನಿಯಲ್ ಕ್ರೆಕ್ ೨೦೦೨ರಲ್ಲಿ ಪೈಥಾನ್ ಭಾಷೆಯಲ್ಲಿ ಆರಂಭಿಸಿದ ಆರ್‌ಡಿಎಫ್‌ಲಿಬ್ ಇವುಗಳಲ್ಲಿ ಪ್ರಸಿದ್ಧವಾದುದು. ಒಂದೇ ಆದೇಶ, ರೀತಿಯ ಹೆಸರನ್ನು ಬದಲಾಯಿಸಿದರೆ ಬರೆಹವೂ ಬದಲಾಗುವುದು. ಹೆಸರು ಹೇಳದಿದ್ದರೆ ಹಿಂದೆ ಅದು ಎಕ್ಸ್‌ಎಂಎಲ್‌ನಲ್ಲಿ ಬರೆಯುತ್ತಿದ್ದಿತು. ೨೦೨೧ರ ಆರನೆಯ ಆವೃತ್ತಿಯಿಂದ ಟರ್ಟಲ್‌ನಲ್ಲಿ ಬರೆಯುತ್ತದೆ.

ಈ ಲಿಪಿಕಾರನಿಗೆ ತೊಡಕಾದುದು ಅನಾಮಿಕ ಗ್ರಂಥಿಗಳು. 'ಈ ಓಲೆಯನ್ನು ಒಬ್ಬನು ಪ್ರತಿಮಾಡಿದನು' ಎಂದರೆ ಆ ಒಬ್ಬನಿಗೆ ಹೆಸರಿಲ್ಲ. ಬರೆಯುವಾಗ ಅವನಿಗೆ ತಾತ್ಕಾಲಿಕ ಗುರುತೊಂದನ್ನು ಕೊಡಬೇಕಾಗುವುದು. ಓದಿ ಮತ್ತೆ ಬರೆದಾಗ ಗುರುತು ಬೇರೆಯಾಗಬಹುದು. ಪ್ರತಿಗಳ ಐಕ್ಯವನ್ನು ಅಕ್ಷರ ನೋಡಿ ನಿರ್ಣಯಿಸಲಾಗದಿರುವುದು ಹೀಗೆ. ೨೦೨೪ರ ಮೇ ತಿಂಗಳಲ್ಲಿ ಪ್ರಕಟವಾದ ವಿಧಿಯೊಂದು ಇದಕ್ಕೆ ಪರಿಹಾರವನ್ನು ಹೇಳುತ್ತದೆ: ಅನಾಮಿಕನ ಸುತ್ತಣ ಸಂಬಂಧಗಳಿಂದಲೇ ಅವನ ಗುರುತನ್ನು ಗಣಿಸಿ, ಪಂಕ್ತಿಗಳನ್ನು ನಿಯತಕ್ರಮದಲ್ಲಿ ಇಡಬೇಕು. ಆಗ ಒಂದೇ ಜಾಲಕ್ಕೆ ಒಂದೇ ಪಾಠ.

ಆದರೂ ಒಂದು ನಷ್ಟ ಉಳಿದಿದೆ. ಟರ್ಟಲ್ ಬರೆಹದ ಅಂಚಿನಲ್ಲಿ ಸೂಚೀಕಾರನು 'ಕಾಲ ಸಂದಿಗ್ಧ' ಎಂದು ಟಿಪ್ಪಣಿ ಬರೆದಿದ್ದರೆ, ಅದು ಜಾಲದ ಭಾಗವಲ್ಲವಾಗಿ ಲಿಪಿಕಾರನು ಓದುವಾಗಲೇ ಅದನ್ನು ಬಿಟ್ಟುಬಿಡುವನು. ಮುಂದಿನ ಪ್ರತಿಯಲ್ಲಿ ಸಂದೇಹ ಅಳಿದು ಕಾಲ ಮಾತ್ರ ಉಳಿಯುವುದು. ಸಂದೇಹವೂ ಉಳಿಯಬೇಕಾದರೆ ಅದನ್ನೂ ಒಂದು ತ್ರಿಕವಾಗಿಯೇ ಬರೆಯಬೇಕು.