ಹೈದರಾಬಾದಿನ ಕ್ಲೋರೋಫಾರಂ ಆಯೋಗಗಳು

ಔಷಧಶಾಸ್ತ್ರದ ಚರಿತ್ರೆಯಲ್ಲಿ ಹೈದರಾಬಾದು ನಗರದ ಹೆಸರು ಒಂದು ವಿಚಿತ್ರ ರೀತಿಯಲ್ಲಿ ನಿಂತಿದೆ. ಇಲ್ಲಿಂದ ಹೊರಟ ಸಂಶೋಧನ ವರದಿಯೊಂದನ್ನು ಪಾಶ್ಚಾತ್ಯ ವೈದ್ಯರು ಬಹುಕಾಲ ಉಲ್ಲೇಖಿಸುತ್ತ ಬಂದರು. ಆದರೆ ಅದರ ಮುಖ್ಯ ಸಿದ್ಧಾಂತವು ಕೊನೆಗೆ ನಿಲ್ಲಲಿಲ್ಲ. ವಿದ್ವಾಂಸನ ಹಿರಿಮೆಯನ್ನು ಅವನ ಲೇಖನಗಳ ಸಂಖ್ಯೆಯಿಂದಲೂ ಅವುಗಳನ್ನು ಉಲ್ಲೇಖಿಸಿದವರ ಸಂಖ್ಯೆಯಿಂದಲೂ ಅಳೆಯುವ ಪದ್ಧತಿಯು ಬೇರೂರಿರುವ ಈ ಕಾಲದಲ್ಲಿ ಆ ವೃತ್ತಾಂತವು ಪರಿಶೀಲನಾರ್ಹವಾಗಿದೆ.

1847ರ ನವೆಂಬರಿನಲ್ಲಿ ಎಡಿನ್‌ಬರೋ ನಗರದ ಜೇಮ್ಸ್ ಯಂಗ್ ಸಿಂಪ್ಸನ್ನರು ಕ್ಲೋರೋಫಾರಮಿನ ಬಳಕೆಯನ್ನು ಆರಂಭಿಸಿದರು. ಮೂರು ತಿಂಗಳು ತುಂಬುವುದರೊಳಗೆ, 1848ರ ಜನವರಿಯಲ್ಲಿ, ಹಾನಾ ಗ್ರೀನರ್ ಎಂಬ ಹದಿನೈದು ವರ್ಷದ ಬಾಲಿಕೆಯು ಕಾಲಿನ ಉಗುರಿನ ಅಲ್ಪ ಚಿಕಿತ್ಸೆಗಾಗಿ ಅದನ್ನು ಸೇವಿಸಿ ಮರಣ ಹೊಂದಿದಳು. ಇಂತಹ ಸಾವುಗಳು ಹೆಚ್ಚಿದಂತೆ ಎರಡು ಪಂಥಗಳು ಹುಟ್ಟಿದವು. ಅಪಾಯವು ಉಸಿರಾಟದ ನಿಲುಗಡೆಯಿಂದ ಬರುವುದು, ಆದುದರಿಂದ ಉಸಿರನ್ನು ಗಮನಿಸಿದರೆ ಸಾಕು ಎಂದು ಎಡಿನ್‌ಬರೋ ಪಂಥವು ಸಾರಿತು. ಹೃದಯವೇ ಹಠಾತ್ತನೆ ನಿಲ್ಲಬಹುದು, ನಾಡಿಯ ಮೇಲೂ ಕೈಯಿರಬೇಕು ಎಂಬುದು ಲಂಡನ್ನಿನ ವೈದ್ಯರ ಮತ.

ನಿಜಾಮ ಸಂಸ್ಥಾನದ ರೆಸಿಡೆನ್ಸಿ ಸರ್ಜನ್ನರೂ ಹೈದರಾಬಾದು ವೈದ್ಯಶಾಲೆಯ ಮುಖ್ಯಸ್ಥರೂ ಆಗಿದ್ದ ಎಡ್ವರ್ಡ್ ಲಾರೀಯವರು ಮೊದಲನೆಯ ಪಂಥದ ಗುರು ಜೇಮ್ಸ್ ಸೈಮ್‌ರ ಶಿಷ್ಯರು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಶ್ರಯದಲ್ಲಿ 1888ರಲ್ಲಿ ಮೊದಲ ಆಯೋಗವು ನಾಯಿಗಳ ಮೇಲೆ ಪ್ರಯೋಗಗಳನ್ನು ನಡೆಸಿ, ಉಸಿರು ಮೊದಲು ನಿಲ್ಲುವುದೆಂದೂ ಹೃದಯವು ಅನಂತರ ನಿಲ್ಲುವುದೆಂದೂ ನಿರ್ಣಯಿಸಿತು. ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯು ಇದನ್ನು ಶಂಕಿಸಿತು. ಆಗ ನಿಜಾಮರು ಒಂದು ಸಾವಿರ ಪೌಂಡುಗಳನ್ನು ನೀಡಿ, ಪತ್ರಿಕೆಯು ತನ್ನ ಪ್ರತಿನಿಧಿಯನ್ನೇ ಕಳುಹಿಸಲೆಂದು ಆಹ್ವಾನಿಸಿದರು. 1889ರಲ್ಲಿ ಬಂದವರು ಸಾಮಾನ್ಯರಲ್ಲ: 1885ರಲ್ಲಿ ಪ್ರಕಟವಾದ ಔಷಧಶಾಸ್ತ್ರದ ಮಹಾಗ್ರಂಥದ ಕರ್ತೃ, ಎದೆನೋವಿಗೆ ಅಮೈಲ್ ನೈಟ್ರೈಟಿನ ಉಪಯೋಗವನ್ನು 1867ರಲ್ಲಿ ತೋರಿಸಿಕೊಟ್ಟ ಲಾಡರ್ ಬ್ರಂಟನ್ನರು. ನಾನೂರಕ್ಕೂ ಮಿಕ್ಕ ಪ್ರಾಣಿಗಳ ಮೇಲೆ ಪರೀಕ್ಷೆಗಳು ನಡೆದವು. ಬ್ರಂಟನ್ನರೂ ಲಾರೀಯವರ ಪಕ್ಷವನ್ನೇ ಒಪ್ಪಿಕೊಂಡರು. 1890ರಲ್ಲಿ ‘ಲ್ಯಾನ್ಸೆಟ್’ ವರದಿಯನ್ನು ಪ್ರಕಟಿಸಿತು. 1891ರಲ್ಲಿ ಮುಂಬಯಿಯಲ್ಲಿ ಅದು ಗ್ರಂಥರೂಪದಲ್ಲಿ ಅಚ್ಚಾಯಿತು. ಈ ವೆಚ್ಚವನ್ನು ಹೊತ್ತ ಸಂಸ್ಥಾನದಲ್ಲಿ ಬೀದರ, ಕಲಬುರ್ಗಿ, ರಾಯಚೂರು ಸೀಮೆಗಳೂ ಸೇರಿದ್ದವೆಂಬುದನ್ನು ಕನ್ನಡಿಗರು ನೆನೆಯಬಹುದು.

ಪ್ರಾಣಿಗಳ ಸಂಖ್ಯೆ, ಪತ್ರಿಕೆಯ ಘನತೆ, ವಿದ್ವಾಂಸನ ಕೀರ್ತಿ ಇವು ಮೂರೂ ಕೂಡಿದ್ದರೂ ಸತ್ಯವು ಪೂರ್ಣವಾಗಿ ಸಿಕ್ಕಿರಲಿಲ್ಲ. ಕ್ಲೋರೋಫಾರಮಿನಿಂದ ಹೃದಯದ ಕೋಣೆಗಳು ಹಿಗ್ಗಿ ದುರ್ಬಲವಾಗುವುದನ್ನು ಆಬರ್ಡೀನಿನ ಮ್ಯಾಕ್‌ವಿಲಿಯಮ್ಮರು 1890ರಲ್ಲಿಯೇ ತೋರಿಸಿದರು. ಕೇಂಬ್ರಿಜ್ಜಿನ ಗ್ಯಾಸ್ಕೆಲ್ ಮತ್ತು ಶೋರ್ ಇಬ್ಬರೂ 1893ರಲ್ಲಿ ಹೈದರಾಬಾದಿನ ವರದಿಯನ್ನೇ ಎದುರಿಗಿಟ್ಟುಕೊಂಡು ವಿಮರ್ಶಿಸಿ, ರಕ್ತದೊತ್ತಡದ ಇಳಿತಕ್ಕೆ ಹೃದಯದ ಮೇಲಿನ ನೇರ ಪರಿಣಾಮವೇ ಕಾರಣವೆಂದು ವಾದಿಸಿದರು. ಕಡೆಗೆ 1911ರಲ್ಲಿ ಗುಡ್‌ಮನ್ ಲೆವಿಯವರು ಕಗ್ಗಂಟನ್ನು ಬಿಡಿಸಿದರು: ಅರಿವಳಿಕೆಯು ತೆಳುವಾಗಿರುವಾಗ ಅಡ್ರಿನಲಿನ್ ಸೇರಿದರೆ ಹೃದಯವು ಲಯಗೆಟ್ಟು ಅದುರಿ, ಕ್ಷಣಮಾತ್ರದಲ್ಲಿ ನಿಂತುಹೋಗುವುದು. ಅತಿಮಾತ್ರೆಯಿಂದ ಸಾಯುವ ಪ್ರಾಣಿಗಳಲ್ಲಿ ಉಸಿರು ಮೊದಲು ನಿಲ್ಲುವುದು ದಿಟ. ಅಲ್ಪ ಮಾತ್ರೆಯಲ್ಲಿಯೇ ಅಂಜಿದ ರೋಗಿಗಳು ಸಾಯುತ್ತಿದ್ದುದಕ್ಕೆ ಅದು ಉತ್ತರವಾಗಲಿಲ್ಲ. ಆಯೋಗವು ಬಹು ಪ್ರಯೋಗಗಳನ್ನು ಮಾಡಿತ್ತು; ಆದರೆ ಮಾಡಬೇಕಾಗಿದ್ದ ಪ್ರಯೋಗ ಬೇರೆಯಾಗಿತ್ತು. ನಾಡಿಯನ್ನು ನೋಡಬೇಕಾದುದಿಲ್ಲವೆಂಬ ಭರವಸೆಯನ್ನು ನಂಬಿದ ಕಡೆಗಳಲ್ಲಿ ಈ ತಪ್ಪಿನ ಬೆಲೆಯನ್ನು ತೆತ್ತವರು ರೋಗಿಗಳು.

ಇದಕ್ಕೆ ಪ್ರತಿಯಾಗಿ ಇದೇ ಸಂಸ್ಥಾನದ ಇನ್ನೊಂದು ಲೇಖನವನ್ನು ನೋಡಬಹುದು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್‌ರು ಮಲೇರಿಯಾ ರೋಗಿಯ ರಕ್ತವನ್ನು ಹೀರಿದ್ದ ಸೊಳ್ಳೆಯ ಜಠರದ ಗೋಡೆಯಲ್ಲಿ ವರ್ಣಕಣಗಳುಳ್ಳ ಕೋಶಗಳನ್ನು ಕಂಡರು. ಆ ಡಿಸೆಂಬರಿನಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪ್ರಕಟಿಸಿದ ಅವರ ಕಿರು ಲೇಖನಕ್ಕೆ ಆಧಾರವಾಗಿದ್ದುದು ಎರಡೇ ಸೊಳ್ಳೆಗಳು. 1902ರಲ್ಲಿ ರಾಸ್‌ರಿಗೆ ನೊಬೆಲ್ ಬಹುಮಾನ ಬಂದಿತು. ನಾನೂರು ಪ್ರಾಣಿಗಳು ಕೊಡದ ಬೆಳಕನ್ನು ಎರಡು ಸೊಳ್ಳೆಗಳು ಕೊಟ್ಟವು.

ಉಲ್ಲೇಖಗಳ ಸೂಚಿಯೊಂದನ್ನು ರಚಿಸಬೇಕೆಂದು ಯೂಜೀನ್ ಗಾರ್‌ಫೀಲ್ಡರು 1955ರಲ್ಲಿ ಸೂಚಿಸಿದಾಗ, ಒಂದು ಲೇಖನವನ್ನು ಅನಂತರದವರು ಹೇಗೆ ವಿಮರ್ಶಿಸಿದರೆಂಬುದನ್ನು ವಾಚಕನು ತಿಳಿಯಲೆಂಬುದೂ ಅವರ ಉದ್ದೇಶವಾಗಿತ್ತು. ಅದು ಕಾಲಕ್ರಮದಲ್ಲಿ ಅಂಕಗಣನೆಯ ಸಾಧನವಾಯಿತು. ಬರಿಯ ಗಣನೆಯಲ್ಲಿ ಗ್ಯಾಸ್ಕೆಲ್ ಮತ್ತು ಶೋರ್‌ರ ಖಂಡನೆಯೂ ಲಾರೀಯವರ ಖಾತೆಗೆ ಜಮೆಯಾಗುತ್ತದೆ! ಜಮೆಯಾವುದು, ಖರ್ಚು ಯಾವುದು ಎಂದು ನೋಡದೆ ನಮೂದುಗಳನ್ನಷ್ಟೇ ಎಣಿಸುವ ಲೆಕ್ಕವನ್ನು ಯಾವ ಪೇಟೆಯೂ ಒಪ್ಪಲಾರದು.

ಹಾಗೆಂದು ಲಾರೀಯವರ ಕಾರ್ಯವು ವ್ಯರ್ಥವಲ್ಲ. ಉಸಿರನ್ನು ಎಡೆಬಿಡದೆ ಗಮನಿಸಬೇಕು, ಅತಿಮಾತ್ರೆಯು ಘಾತಕ ಎಂಬ ಅವರ ಪಾಠವು ಇಂದಿಗೂ ಸತ್ಯ. ವೈದ್ಯಶಾಲೆಯಲ್ಲಿ ಸ್ತ್ರೀಯರಿಗೂ ಅವರು ಶಿಕ್ಷಣವಿತ್ತರು. ಅವರ ಶಿಷ್ಯೆ ರೂಪಾಬಾಯಿ ಫರ್ದೂನ್‌ಜಿಯವರು ಇದೇ ನಗರದಲ್ಲಿ ಹಲವು ವರ್ಷ ರೋಗಿಗಳಿಗೆ ಕ್ಲೋರೋಫಾರಂ ನೀಡಿ, ಜಗತ್ತಿನ ಮೊದಲ ಅರಿವಳಿಕೆ ವೈದ್ಯೆಯರ ಸಾಲಿನಲ್ಲಿ ಗಣ್ಯರಾದರು. ಉಸಿರೊಂದನ್ನು ಕಾದು ಕುಳಿತ ಅಂತಹ ಕೈಗಳ ದುಡಿಮೆಗೆ ಉಲ್ಲೇಖಗಳ ಪಟ್ಟಿಯಲ್ಲಿ ಸ್ಥಳವಿಲ್ಲ. ಅಫ್ಜಲ್‌ಗಂಜಿನ ಹಳೆಯ ಆಸ್ಪತ್ರೆಯನ್ನು 1908ರ ಮೂಸಿ ನದಿಯ ಮಹಾಪೂರವು ಕೊಚ್ಚಿತು. ವರದಿಯ ಪುಟಗಳು ಮಾತ್ರ ಉಳಿದಿವೆ. ಅವುಗಳನ್ನು ಎಣಿಸುವುದು ಸುಲಭ. ಓದಿ ತೂಗಿ ನೋಡುವುದೇ ವಿದ್ವತ್ತಿನ ಕರ್ತವ್ಯ.