ಪುಣ್ಯಸ್ಮರಣೆ, ದಾಸೋಹ ಮತ್ತು ಸಂಗೀತಶಿಕ್ಷಣ: ಗದುಗಿನ ವೀರೇಶ್ವರ ಪುಣ್ಯಾಶ್ರಮದ ನಿದರ್ಶನ

ಗತಿಸಿದವರ ಹೆಸರಿನಲ್ಲಿ ದಾನ ಮಾಡುವುದು ಕನ್ನಡ ನಾಡಿನಲ್ಲಿ ಬಹು ಹಳೆಯ ಪದ್ಧತಿ. ಕಣ್ಮರೆಯಾದವರಿಗೆ ಸಲ್ಲಿಸುವ ಗೌರವವನ್ನು ಶ್ರವಣಬೆಳಗೊಳದ ಶಾಸನಗಳು ‘ಪರೋಕ್ಷವಿನಯ’ ಎಂದು ಕರೆದಿವೆ. ಅಲ್ಲಿ ಅದು ಬಹುಮಟ್ಟಿಗೆ ನಿಸಿದಿಗಲ್ಲಿನ ರೂಪದಲ್ಲಿ ವ್ಯಕ್ತವಾಯಿತು. ಇದೇ ಭಾವನೆ ಕಲ್ಲನ್ನು ಬಿಟ್ಟು, ಸಂಗೀತ ಕಲಿಯುವ ಎಳೆಯರ ಅನ್ನ-ಆಸರೆಗಳಾಗಿ ಪರಿಣಮಿಸಿದ ಬಗೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮಧ್ಯಕಾಲೀನ ದತ್ತಿಶಾಸನಗಳಲ್ಲಿ ‘ಅಂಗಭೋಗ ರಂಗಭೋಗ’ ಎಂಬ ಜೋಡಿನುಡಿ ಮತ್ತೆ ಮತ್ತೆ ಬರುತ್ತದೆ. ದೇವರ ಸನ್ನಿಧಿಯ ಗೀತ, ವಾದ್ಯ, ನೃತ್ಯಗಳು ರಂಗಭೋಗಕ್ಕೆ ಸೇರಿದವು. ಆದರೆ ಹಾಡುವವನ ಹೊಟ್ಟೆಪಾಡನ್ನೂ ವಿದ್ಯಾದಾನವನ್ನೂ ಒಂದೇ ಸೂರಿನಡಿ ಕಾಣಬೇಕಾದರೆ ಬಳ್ಳಿಗಾವಿಯ ಕೋಡಿಯಮಠಕ್ಕೆ ಹೋಗಬೇಕು. ಕ್ರಿ.ಶ. 1162ರ ಅಲ್ಲಿನ ಶಾಸನ ಆ ಮಠವನ್ನು ವೇದ, ವ್ಯಾಕರಣ, ದರ್ಶನಗಳ ಅಧ್ಯಯನಸ್ಥಾನವೆಂದು ಬಣ್ಣಿಸುತ್ತದೆ. ಜೊತೆಗೆ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆಗಾರರು, ಗಾಯಕರು, ವಾದಕರು ಮೊದಲಾದವರಿಗೆ ಅಲ್ಲಿ ನಿತ್ಯವೂ ಅನ್ನ ದೊರೆಯುತ್ತಿದ್ದುದನ್ನು ಹೇಳುತ್ತದೆ. ಅಂಧರೂ ಗಾಯಕರೂ ಒಂದೇ ಪಂಕ್ತಿಯಲ್ಲಿ ಕಾಣಿಸಿಕೊಂಡಿರುವುದು ಗಮನಾರ್ಹ.

ಜಾನಪದದಲ್ಲಿ ಈ ಸಂಬಂಧ ಇನ್ನೂ ನಿಕಟವಾದುದು. ಉತ್ತರ ಕರ್ನಾಟಕದ ಹೆಳವರು ಒಕ್ಕಲಮನೆಗಳಿಗೆ ಬಂದು ಆ ಮನೆತನದ ಹಿರಿಯರ ಹೆಸರುಗಳನ್ನು ವಂಶಾನುಕ್ರಮವಾಗಿ ಹಾಡಿ ಹೊಗಳುತ್ತಾರೆ. ಮನೆಯವರು ಕಾಳುಕಡಿ, ಬಟ್ಟೆಗಳನ್ನು ಕೊಡುತ್ತಾರೆ. ಸತ್ತವರ ನೆನಪು ದಾನಕ್ಕೂ, ಆ ದಾನ ಹಾಡಿನ ಮುಂದುವರಿಕೆಗೂ ಕಾರಣವಾಗುತ್ತದೆ. ಆದರೆ ಇಲ್ಲಿ ವಿದ್ಯೆ ಕುಲದೊಳಗೇ ಉಳಿಯುತ್ತದೆ. ಹೊರಗಿನ ಮಗುವಿಗೆ ಪ್ರವೇಶವಿಲ್ಲ.

ಈ ಮಿತಿಯನ್ನು ದಾಟಿದ್ದು ಗದುಗಿನ ವೀರೇಶ್ವರ ಪುಣ್ಯಾಶ್ರಮದ ಹೆಚ್ಚುಗಾರಿಕೆ. 1909ರಲ್ಲಿ ಬಾದಾಮಿಯ ಬಳಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರಸ್ವಾಮಿಗಳು, ಕಾಡಶೆಟ್ಟಿಹಳ್ಳಿಯ ಅಂಧ ಬಾಲಕ ಗದಿಗೆಯ್ಯನಿಗೆ ಸಂಗೀತಶಿಕ್ಷಣ ದೊರಕಿಸಿದರು. ಆತನೇ ಮುಂದೆ ಪಂಚಾಕ್ಷರಿ ಗವಾಯಿಗಳೆಂದು (1892–1944) ಪ್ರಸಿದ್ಧನಾದ. ಕುಮಾರಸ್ವಾಮಿಗಳು 1930ರಲ್ಲಿ ಲಿಂಗೈಕ್ಯರಾದರು. ಗವಾಯಿಗಳು ಅಂಧ, ಅನಾಥ ಮಕ್ಕಳನ್ನು ಕಟ್ಟಿಕೊಂಡು ಊರೂರು ಅಲೆದು, ಭಕ್ತರ ಕಾಣಿಕೆ ಮತ್ತು ನಾಟಕದ ಉತ್ಪನ್ನಗಳಿಂದ ಅವರನ್ನು ಸಾಕಿ ಸಂಗೀತ ಕಲಿಸಿದರು. ಅವರ ನಾಟಕ ಕಂಪನಿಯ ಹೆಸರಿನಲ್ಲಿಯೇ ‘ಕುಮಾರೇಶ್ವರ ಕೃಪಾಪೋಷಿತ’ ಎಂಬ ಮಾತು ಸೇರಿತ್ತು. ಗುರುವಿನ ಸ್ಮರಣೆಗೆ ಪ್ರತ್ಯೇಕ ಸ್ಮಾರಕ ಬೇಕಾಗಲಿಲ್ಲ. ಪಾಠ ಮುಂದುವರಿದುದೇ ಸ್ಮಾರಕವಾಯಿತು.

ಸಂಚಾರದಲ್ಲಿದ್ದ ಈ ಬಳಗ ಕೊನೆಗೆ ಗದುಗಿನಲ್ಲಿ ನೆಲೆನಿಂತಿತು. ಪಂಚಾಕ್ಷರಿ ಗವಾಯಿಗಳ ನಂತರ, ಸ್ವತಃ ಅಂಧರಾಗಿದ್ದ ಪುಟ್ಟರಾಜ ಗವಾಯಿಗಳು (1914–2010) ಹೊಣೆ ಹೊತ್ತು 66 ವರ್ಷ ನಡೆಸಿದರು. ಭಕ್ತರು ನಾಣ್ಯಗಳಿಂದ ಅವರ ತುಲಾಭಾರ ನೆರವೇರಿಸಿದಾಗ ಬಂದ ಹಣ ಆಶ್ರಮದ ಮಕ್ಕಳ ದಾಸೋಹಕ್ಕೆ ಸಲ್ಲುತ್ತಿತ್ತು. ಗುರುಗಳ ಪುಣ್ಯಸ್ಮರಣೋತ್ಸವಕ್ಕೆ ಬರುವ ರೈತಾಪಿ ಜನರ ಕಾಣಿಕೆಯ ಗುರಿಯೂ ಇದೇ.

ಇದರ ಫಲವನ್ನು ವ್ಯಕ್ತಿಗಳಲ್ಲಿ ಕಾಣಬೇಕು. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ, ಅರ್ಜುನಸಾ ನಾಕೋಡ ಇವರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಬಳ್ಳಾರಿ ಸೀಮೆಯ ಜಾನಪದ ಗಾಯಕ ಹಾಗೂ ತೊಗಲುಗೊಂಬೆಯಾಟದ ಕಲಾವಿದರೊಬ್ಬರ ಮಗನಾದ ಎಂ. ವೆಂಕಟೇಶಕುಮಾರ್ 1968ರಲ್ಲಿ ಆಶ್ರಮಕ್ಕೆ ಬಂದು 12 ವರ್ಷ ಪುಟ್ಟರಾಜ ಗವಾಯಿಗಳಲ್ಲಿ ಕಲಿತರು. ಬಡ ಜಾನಪದ ಕಲಾವಿದನ ಮಗ ಹಿಂದುಸ್ತಾನಿ ಸಂಗೀತದ ಮುಂಚೂಣಿಗೆ ಬರಲು ಪ್ರತಿಭೆಯಷ್ಟೇ ಸಾಲದು. 12 ವರ್ಷದ ಎರಡು ಹೊತ್ತಿನ ಊಟವೂ ಬೇಕು. ಆ ಊಟವನ್ನು ಒದಗಿಸಿದವರು ಹೆಸರಿಲ್ಲದ ಸಾವಿರಾರು ದಾನಿಗಳು.

ಇದರೊಂದಿಗೆ ಮತ್ತೊಂದು ಮಾದರಿಯನ್ನು ಹೋಲಿಸಬಹುದು. 1952ರಲ್ಲಿ ನಿಧನರಾದ ಸವಾಯಿ ಗಂಧರ್ವರ ಪುಣ್ಯತಿಥಿ ಕುಂದಗೋಳ ಮತ್ತು ಪುಣೆಗಳಲ್ಲಿ ಸಂಗೀತೋತ್ಸವವಾಗಿ ಬೆಳೆಯಿತು. ಉತ್ತಮ ಶ್ರೋತೃಗಳನ್ನು ರೂಪಿಸಿದ ಕೀರ್ತಿ ಅವುಗಳಿಗೆ ಸಲ್ಲಬೇಕು. ಆದರೆ ವೇದಿಕೆ ಕಲಿತವನಿಗೆ ಒದಗುವಂಥದು. ಕಲಿಯುವವನಿಗೆ ಬೇಕಾದುದು ಗುರು, ಆಸರೆ ಮತ್ತು ಕಾಲಾವಕಾಶ. ಪುಣೆಯ ಉತ್ಸವವನ್ನು 1953ರಲ್ಲಿ ಆರಂಭಿಸಿದ ಭೀಮಸೇನ ಜೋಶಿಯವರೇ ಎಳವೆಯಲ್ಲಿ ಗುರುವನ್ನರಸಿ ಮನೆ ಬಿಟ್ಟು ಅಲೆದು, ಕಡೆಗೆ ಗುರುಗೃಹದಲ್ಲಿ ನೀರು ಹೊತ್ತು ಕಲಿತವರೆಂಬುದು ಸುಪರಿಚಿತ.

ಇಂದು ಸ್ಮಾರಕ ದತ್ತಿಗಳು ಹೆಚ್ಚಾಗಿ ಪ್ರಶಸ್ತಿ, ಉಪನ್ಯಾಸ, ಒಂದು ಸಂಜೆಯ ಕಛೇರಿಗಳಿಗೆ ಮೀಸಲಾಗುತ್ತಿವೆ. ನಿಶ್ಚಿತ ಮೊತ್ತದ ಠೇವಣಿಯ ಬಡ್ಡಿ ಬೆಲೆಯೇರಿಕೆಯಿಂದ ವರ್ಷವರ್ಷಕ್ಕೂ ಕರಗುತ್ತದೆ. ಪ್ರಾಚೀನರು ಭೂಮಿಯನ್ನು ದತ್ತಿ ಬಿಟ್ಟುದರಲ್ಲಿಯೂ ಗದುಗಿನ ಭಕ್ತರು ಪ್ರತಿವರ್ಷವೂ ಹೊಸದಾಗಿ ಕೊಡುವುದರಲ್ಲಿಯೂ ಇರುವ ವ್ಯಾವಹಾರಿಕ ವಿವೇಕವನ್ನು ಇಲ್ಲಿ ಗುರುತಿಸಬೇಕು. ಪರೋಕ್ಷವಿನಯ ಸಾರ್ಥಕವಾಗುವುದು ಗತಿಸಿದವರ ಹೆಸರು ಫಲಕದಲ್ಲಿ ಉಳಿದಾಗ ಅಲ್ಲ. ಒಂದು ಮಗುವಿನ ಕಲಿಕೆ ಅರ್ಧಕ್ಕೆ ನಿಲ್ಲದೆ ಪೂರ್ಣಗೊಂಡಾಗ. ಪುಣ್ಯಾಶ್ರಮದ ಇತಿಹಾಸ ದತ್ತಿ ಇಡುವವರಿಗೂ ಅದನ್ನು ನಿರ್ವಹಿಸುವ ಸಂಸ್ಥೆಗಳಿಗೂ ತಿಳಿಸುವ ಸಂಗತಿ ಇದು.